ರಿಸ್ಪೆರಿಡೋನ್, ಒಲಾಂಜಪಿನ್, ಅರಿಪಿಪ್ರಜೋಲ್: ಲೈಂಗಿಕ ಅಡ್ಡಪರಿಣಾಮ ಯಾವುದರಲ್ಲಿ ಎಷ್ಟು?

ಪ್ರಶ್ನೆ
ಹೆಸರು ಬೇಡ, ದಾವಣಗೆರೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಆರು ವರ್ಷಗಳ ಹಿಂದೆ ನನಗೆ ಸ್ಕಿಜೋಫ್ರೇನಿಯಾ ಇದೆಯೆಂದು ವೈದ್ಯರು ಗುರುತಿಸಿದರು. ಪಕ್ಕದ ಮನೆಯವರು ಗೋಡೆಯಾಚೆ ಕುಳಿತು ನನ್ನ ವಿಷಯವನ್ನೇ ಆಡಿಕೊಳ್ಳುತ್ತಿರುವಂತೆ ಹಗಲು ರಾತ್ರಿ ದನಿಗಳು ಕೇಳಿಸುತ್ತಿದ್ದ ಆ ದಿನಗಳಿಂದ ನನ್ನನ್ನು ಹೊರಗೆ ತಂದದ್ದು ರಿಸ್ಪೆರಿಡೋನ್ ಮಾತ್ರೆ. ಮಾತ್ರೆಯನ್ನು ದೂರುವ ಉದ್ದೇಶ ನನಗಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ. ಈಗ ರಾತ್ರಿ 6 ಮಿ.ಗ್ರಾಂ. ರಿಸ್ಪೆರಿಡೋನ್, ಕೈನಡುಕಕ್ಕೆಂದು 2 ಮಿ.ಗ್ರಾಂ. ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುತ್ತೇನೆ.

ಮದುವೆಯಾಗಿ 14 ತಿಂಗಳಾಯಿತು. ಕಾಯಿಲೆಯ ವಿಚಾರವನ್ನು ಹೆಣ್ಣಿನ ಮನೆಯವರಿಂದ ಮುಚ್ಚಿಡಲಿಲ್ಲ. ನೋಡಲು ಹೋದ ದಿನವೇ ನಾನೇ ಹೇಳಿದ್ದೆ. ಆದರೆ ಮದುವೆಯಾದ ಮೇಲಷ್ಟೇ ನನಗೆ ತಿಳಿದ ಸಂಗತಿಯೊಂದಿದೆ. ಪತ್ನಿಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ದೇಹದಲ್ಲಿ ಆಸೆ ಏಳುವುದಿಲ್ಲ, ಎದ್ದರೂ ನಿಮಿರುವಿಕೆ ಉಳಿಯುವುದಿಲ್ಲ, ಎಷ್ಟೋ ಸಲ ಸ್ಖಲನವೇ ಆಗುವುದಿಲ್ಲ. ಅವಳು ಒಂದು ಮಾತನ್ನೂ ಆಡಿಲ್ಲ. ಆಡದೇ ಇರುವುದೇ ನನಗೆ ಹೆಚ್ಚು ಕಷ್ಟವಾಗಿದೆ.

ಎರಡು ತಪ್ಪುಗಳನ್ನು ಮಾಡಿದ್ದೇನೆ. ಬಸ್ ನಿಲ್ದಾಣದ ಕಾಂಪೌಂಡಿನ ಮೇಲೆ ಬರೆದಿದ್ದ ‘ಗುಪ್ತ ಸಮಸ್ಯೆಗಳಿಗೆ ಶಾಶ್ವತ ಪರಿಹಾರ’ ಎಂಬ ಜಾಹೀರಾತಿನ ಸಂಖ್ಯೆಗೆ ಕರೆ ಮಾಡಿ, ಒಬ್ಬರಿಂದ 4,500 ರೂಪಾಯಿ ಕೊಟ್ಟು ಒಂದು ಪುಡಿಯನ್ನು ತಂದು ಕುಡಿದೆ; ಎದೆ ಡವಗುಟ್ಟಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆಮೇಲೆ ಯಾರಿಗೂ ಹೇಳದೆ ಮಾತ್ರೆಯನ್ನೇ ನಿಲ್ಲಿಸಿದೆ. ಸುಮಾರು ಹನ್ನೆರಡನೆಯ ದಿನದ ಹೊತ್ತಿಗೆ ದೇಹ ಮತ್ತೆ ನನ್ನದೆನಿಸಿತು. ಇಪ್ಪತ್ತನೆಯ ದಿನ, ಸಂಬಳದ ಬಿಲ್ಲು ಬರೆಯುತ್ತ ಕುಳಿತಿದ್ದಾಗ, ಗೋಡೆಯಾಚೆಯ ದನಿಗಳು ಮರಳಿದವು. ಅಣ್ಣ ಆಸ್ಪತ್ರೆಗೆ ಕರೆದೊಯ್ದ. ಅಂದಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ತಿಳಿದವರು ದಯವಿಟ್ಟು ಹೇಳಿ. ಈ ಬಗೆಯ ಮಾತ್ರೆಗಳೆಲ್ಲ ಈ ವಿಷಯದಲ್ಲಿ ಒಂದೇ ರೀತಿಯವೇ, ಅಥವಾ ಒಂದಕ್ಕೊಂದು ವ್ಯತ್ಯಾಸವಿದೆಯೇ? ಬದಲಾಯಿಸಿದರೆ ಕಾಯಿಲೆ ಮರಳುವ ಭಯವಿಲ್ಲವೇ? ಇನ್ನೊಂದು ತೊಡಕೆಂದರೆ, ತಪಾಸಣೆಗೆ ನನ್ನ ತಾಯಿಯೇ ಜೊತೆಗೆ ಬರುತ್ತಾರೆ; ವೈದ್ಯರ ಮುಂದೆ ಸಿಗುವುದು ಐದು ನಿಮಿಷ. ತಾಯಿಯ ಎದುರಿಗೆ ಈ ಮಾತನ್ನು ಹೇಗೆ ತೆಗೆಯಲಿ?

ಉತ್ತರ 1
ಮನೋವೈದ್ಯ, ಶಿವಮೊಗ್ಗ

ನಿಮ್ಮನ್ನು ಪರೀಕ್ಷಿಸದೆ ನಿಮ್ಮ ಮಾತ್ರೆಯನ್ನು ನಾನು ಇಲ್ಲಿಂದ ಬದಲಾಯಿಸಲಾರೆ, ಬದಲಾಯಿಸಲೂಬಾರದು. ಆದರೆ ನೀವು ಕೇಳಿದ್ದಕ್ಕೆ ಸ್ಪಷ್ಟ ಉತ್ತರವಿದೆ: ಈ ಮಾತ್ರೆಗಳೆಲ್ಲ ಒಂದೇ ರೀತಿಯವಲ್ಲ. ವ್ಯತ್ಯಾಸ ಬಹಳ ದೊಡ್ಡದು, ಅದರ ಕಾರಣವೂ ಬಹುಮಟ್ಟಿಗೆ ತಿಳಿದಿದೆ.

ನಮ್ಮ ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿದೆ. ಅದರಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ಬಾಣಂತಿಯರಲ್ಲಿ ಎದೆಹಾಲು ಬರಿಸುವುದು ಇದೇ ಹಾರ್ಮೋನು. ಮಿಕ್ಕ ಸಮಯದಲ್ಲಿ ಇದು ಹರಿದುಹೋಗದಂತೆ, ಕೆರೆಯ ತೂಬನ್ನು ಮುಚ್ಚಿ ಹಿಡಿದಂತೆ, ಹಿಡಿದಿಡುವುದು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ. ದನಿಗಳನ್ನು, ಸಂಶಯಗಳನ್ನು ಅಡಗಿಸಲು ನಾವು ಕೊಡುವ ಮಾತ್ರೆಗಳು ಡೋಪಮೈನಿನ ಕೆಲಸವನ್ನು ತಡೆಯುತ್ತವೆ. ಮಿದುಳಿನ ಒಂದು ಭಾಗದಲ್ಲಿ ಈ ತಡೆಯೇ ಔಷಧ. ಪಿಟ್ಯುಟರಿಯಲ್ಲಿ ಅದೇ ತಡೆ ತೂಬನ್ನು ತೆರೆದುಬಿಡುತ್ತದೆ. ಪ್ರೊಲ್ಯಾಕ್ಟಿನ್ ಏರಿದಾಗ ವೃಷಣಗಳಿಗೂ ಅಂಡಾಶಯಗಳಿಗೂ ಹೋಗಬೇಕಾದ ಹಾರ್ಮೋನಿನ ಆಜ್ಞೆಗಳು ಕುಗ್ಗುತ್ತವೆ. ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನು ಇಳಿಯಬಹುದು, ಆಸೆ ಆರಬಹುದು, ನಿಮಿರುವಿಕೆ ತಪ್ಪಬಹುದು, ಕೆಲವರಿಗೆ ಎದೆಯ ಭಾಗ ಊದಬಹುದು. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಹೆರದೆಯೂ ಹಾಲು ಬರಬಹುದು. ವರ್ಷಗಟ್ಟಲೆ ಹೀಗೇ ಉಳಿದರೆ ಮೂಳೆ ಸವೆಯುವ ಅಪಾಯವೂ ಇದೆ.

ಈಗ ಹೋಲಿಕೆಗೆ ಬರೋಣ. ಪ್ರೊಲ್ಯಾಕ್ಟಿನ್ ಏರಿಸುವುದರಲ್ಲಿ ಮುಂದಿರುವವು ಅಮಿಸಲ್‌ಪ್ರೈಡ್, ರಿಸ್ಪೆರಿಡೋನ್ ಮತ್ತು ಪಾಲಿಪೆರಿಡೋನ್. ಮಿದುಳಿಗೂ ರಕ್ತಕ್ಕೂ ನಡುವೆ ಒಂದು ತಡೆಗೋಡೆಯಿದೆ. ಪಿಟ್ಯುಟರಿ ಆ ಗೋಡೆಯ ಹೊರಗೆ ಇದೆ. ಈ ಔಷಧಗಳು ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲವಾದ್ದರಿಂದ ಮಿದುಳಿನ ಒಳಗೆ ಬೇಕಾದಷ್ಟು ತಲುಪುವ ಹೊತ್ತಿಗೆ ಹೊರಗಿರುವ ಪಿಟ್ಯುಟರಿಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಭಾರ ಬೀಳುತ್ತದೆ. ಪಾಲಿಪೆರಿಡೋನ್ ಎಂಬುದು ರಿಸ್ಪೆರಿಡೋನ್ ನಮ್ಮ ಯಕೃತ್ತಿನಲ್ಲಿ ಮಾರ್ಪಟ್ಟಾಗ ಉಂಟಾಗುವ ವಸ್ತುವೇ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋದರೆ ಈ ತೊಂದರೆ ನೀಗುತ್ತದೆಂದು ನಿರೀಕ್ಷಿಸಬೇಡಿ. ಹ್ಯಾಲೊಪೆರಿಡಾಲ್, ಫ್ಲೂಫೆನಜಿನ್ ಮುಂತಾದ ಹಳೆಯ ಔಷಧಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ತಿಂಗಳಿಗೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಚುಚ್ಚುಮದ್ದಾಗಿ ಇವನ್ನು ಪಡೆಯುವವರು ನೆನಪಿಡಬೇಕಾದ ಮಾತೆಂದರೆ, ಇಂಜೆಕ್ಷನ್ ನಿಲ್ಲಿಸಿದರೂ ಅದರ ಪರಿಣಾಮ ಕರಗಲು ತಿಂಗಳುಗಳೇ ಬೇಕು.

ಒಲಾಂಜಪಿನ್ ಮಧ್ಯದ ಸ್ಥಾನದಲ್ಲಿದೆ. ಪ್ರೊಲ್ಯಾಕ್ಟಿನ್ ಅನ್ನು ಸ್ವಲ್ಪ ಏರಿಸಿದರೂ ಹಲವರಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಅದು ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆಗೆ ದಾರಿ ಮಾಡಿಕೊಡಬಹುದು. ಸಕ್ಕರೆ ಕಾಯಿಲೆಯೊಂದೇ ನಿಮಿರುವಿಕೆಯನ್ನು ಹಾಳು ಮಾಡಲು ಸಾಕು. ಈ ಲೆಕ್ಕವನ್ನು ಮಾಡದೆ ರಿಸ್ಪೆರಿಡೋನಿನಿಂದ ಒಲಾಂಜಪಿನ್‌ಗೆ ಬದಲಾಯಿಸುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಕ್ವೆಟಿಯಾಪಿನ್ ಪ್ರೊಲ್ಯಾಕ್ಟಿನ್ ಅನ್ನು ಬಹುತೇಕ ಮುಟ್ಟುವುದಿಲ್ಲ. ಮಂಪರು ಮಾತ್ರ ಹೆಚ್ಚು. ಅರಿಪಿಪ್ರಜೋಲ್ ಬೇರೆಯೇ ಜಾತಿಯದು. ಅದು ಡೋಪಮೈನಿನ ಜಾಗವನ್ನು ಹಿಡಿದುಕೊಂಡರೂ ಡೋಪಮೈನಿನ ಕೆಲಸವನ್ನು ಒಂದಿಷ್ಟು ತಾನೇ ಮಾಡುವುದರಿಂದ ತೂಬು ತೆರೆದುಕೊಳ್ಳುವುದಿಲ್ಲ. ಏರಿದ್ದ ಪ್ರೊಲ್ಯಾಕ್ಟಿನ್ ಎಷ್ಟೋ ಸಲ ಇಳಿಯುತ್ತದೆ.

2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಒಂದು ವಿಶ್ಲೇಷಣೆಯಲ್ಲಿ ಕ್ವೆಟಿಯಾಪಿನ್, ಜಿಪ್ರಸಿಡೋನ್, ಪರ್ಫೆನಜಿನ್, ಅರಿಪಿಪ್ರಜೋಲ್ ತೆಗೆದುಕೊಳ್ಳುವವರಲ್ಲಿ ಲೈಂಗಿಕ ತೊಂದರೆಯ ಪ್ರಮಾಣ ಶೇ. 16ರಿಂದ 27ರಷ್ಟಿದ್ದರೆ, ಒಲಾಂಜಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ಕ್ಲೋಜಪಿನ್, ಥಿಯೊರಿಡಜಿನ್‌ಗಳಲ್ಲಿ ಅದು ಶೇ. 40ರಿಂದ 60ರಷ್ಟಿತ್ತು. ಇದರಲ್ಲಿ ಕ್ಲೋಜಪಿನ್ ಹೆಸರನ್ನು ಗಮನಿಸಿ. ಅದು ಪ್ರೊಲ್ಯಾಕ್ಟಿನ್ ಏರಿಸುವುದೇ ಇಲ್ಲ ಎನ್ನಬಹುದು, ಆದರೂ ಹೆಚ್ಚು ತೊಂದರೆಯ ಗುಂಪಿನಲ್ಲಿದೆ. ಅಂದರೆ ಪ್ರೊಲ್ಯಾಕ್ಟಿನ್ ಒಂದೇ ಎಲ್ಲಕ್ಕೂ ಕಾರಣವಲ್ಲ. ಮಂಪರು ಆಸೆಯನ್ನು ಮುಳುಗಿಸುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಆಲ್ಫಾ ಗ್ರಾಹಕಗಳನ್ನು ಕೆಲವು ಔಷಧಗಳು ತಡೆಯುವುದರಿಂದ ಸ್ಖಲನ ತಪ್ಪುತ್ತದೆ, ಇಲ್ಲವೇ ವೀರ್ಯ ಹೊರಗೆ ಬರುವ ಬದಲು ಮೂತ್ರಕೋಶದ ಕಡೆಗೆ ಹಿಂದಿರುಗುತ್ತದೆ. ಇದರಿಂದ ದೇಹಕ್ಕೆ ಹಾನಿಯಿಲ್ಲ; ಆದರೆ ಮಗುವನ್ನು ಬಯಸುವವರು ವೈದ್ಯರಿಗೆ ಹೇಳಬೇಕು. ಇದೇ ಕಾರಣದಿಂದ ಬಹಳ ಅಪರೂಪಕ್ಕೆ, ಆಸೆಯಿಲ್ಲದೆಯೇ ನೋವಿನ ನಿಮಿರುವಿಕೆ ಉಂಟಾಗಿ ಇಳಿಯದೆ ಉಳಿಯುವುದುಂಟು. ಅದು ನಾಲ್ಕು ಗಂಟೆ ದಾಟಿದರೆ ನಾಚಿಕೆಪಟ್ಟುಕೊಂಡು ಮನೆಯಲ್ಲಿ ಕೂರಬೇಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಕಾಯಿಲೆಯನ್ನೂ ಮರೆಯುವಂತಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು ಒಂದು ಲಕ್ಷಣವೇ ಆಗಿದೆ. ಖಿನ್ನತೆ, ಕುಡಿತ, ತಂಬಾಕು, ರಕ್ತದೊತ್ತಡದ ಕೆಲವು ಮಾತ್ರೆಗಳು ಇವೂ ಸೇರಿಕೊಳ್ಳುತ್ತವೆ. (ತಂಬಾಕಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಬೀಡಿ, ಸಿಗರೇಟಿನ ಹೊಗೆಯಿಂದ ಒಲಾಂಜಪಿನ್ ಮತ್ತು ಕ್ಲೋಜಪಿನ್ ದೇಹದಲ್ಲಿ ಬೇಗ ಕರಗುತ್ತವೆ. ಅವನ್ನು ತೆಗೆದುಕೊಳ್ಳುವವರು ಧೂಮಪಾನ ಬಿಟ್ಟರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಖಂಡಿತ ಬಿಡಿ, ಆದರೆ ವೈದ್ಯರಿಗೆ ತಿಳಿಸಿ ಬಿಡಿ.) ನಿಮ್ಮ ವಿಷಯದಲ್ಲಿ, ಮಾತ್ರೆ ನಿಲ್ಲಿಸಿದ ಹನ್ನೆರಡು ದಿನಗಳಲ್ಲಿ ಆಸೆ ಮರಳಿತೆಂಬುದು ಮಾತ್ರೆಯತ್ತಲೇ ಬೆರಳು ಮಾಡುತ್ತದೆ. ಅದನ್ನು ಪ್ರಯೋಗವಾಗಿ ಮತ್ತೆ ಮಾಡಬೇಡಿ. ಒಂದು ಸಲ ತಿಳಿದದ್ದೇ ಸಾಕು.

ಮುಂದೇನು? ಮೊದಲು ಬೆಳಗಿನ ಹೊತ್ತು, ಎದ್ದು ಒಂದೆರಡು ಗಂಟೆಯಾದ ಮೇಲೆ, ಓಡಾಟ ಗಾಬರಿ ಇಲ್ಲದೆ ರಕ್ತ ಕೊಟ್ಟು ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಬೇಕು. ಗಂಡಸರಲ್ಲಿ ಅದು ಸಾಮಾನ್ಯವಾಗಿ ಮಿಲಿಲೀಟರಿಗೆ 15ರಿಂದ 20 ನ್ಯಾನೊಗ್ರಾಂ ಒಳಗೆ ಇರುತ್ತದೆ. ಜೊತೆಗೆ ಟೆಸ್ಟೋಸ್ಟೆರೋನ್, ಥೈರಾಯ್ಡ್, ಸಕ್ಕರೆ. ಬಳಿಕ ನಿಮ್ಮ ವೈದ್ಯರ ಮುಂದೆ ಮೂರು ನಾಲ್ಕು ದಾರಿಗಳಿರುತ್ತವೆ. ಕಾಯಿಲೆ ಹತೋಟಿಯಲ್ಲಿದ್ದರೆ 6 ಮಿ.ಗ್ರಾಂ. ಅನ್ನು ನಿಧಾನವಾಗಿ ಇಳಿಸಬಹುದು. ಡೋಸು ಇಳಿದರೆ ಕೆಲವೊಮ್ಮೆ ನಡುಕದ ಮಾತ್ರೆಯೂ ಬೇಡವಾಗುತ್ತದೆ, ಬಾಯಿ ಒಣಗಿಸುವ ಆ ಮಾತ್ರೆ ಉದ್ರೇಕಕ್ಕೂ ಸ್ವಲ್ಪ ಅಡ್ಡಿಯಾಗಬಲ್ಲದು. ರಿಸ್ಪೆರಿಡೋನ್ ಜೊತೆಗೇ ಕಡಿಮೆ ಪ್ರಮಾಣದ ಅರಿಪಿಪ್ರಜೋಲ್ ಸೇರಿಸಬಹುದು; ಪ್ರೊಲ್ಯಾಕ್ಟಿನ್ ಇಳಿಸುವಲ್ಲಿ ಇದು ಚೆನ್ನಾಗಿ ಪರೀಕ್ಷೆಗೊಳಗಾದ ಕ್ರಮ. ಪೂರ್ತಿಯಾಗಿ ಬೇರೆ ಔಷಧಕ್ಕೆ ಹೋಗುವುದಾದರೆ ಹೊಸದನ್ನು ಏರಿಸುತ್ತ ಹಳೆಯದನ್ನು ವಾರಗಳ ಅವಧಿಯಲ್ಲಿ ಇಳಿಸುತ್ತಾರೆ. ಕಾಯಿಲೆ ಮರಳುವ ಭಯವಿಲ್ಲವೇ ಎಂದು ಕೇಳಿದ್ದೀರಿ. ಇದೆ, ಅದಕ್ಕೇ ನಿಧಾನ, ಅದಕ್ಕೇ ಆ ವಾರಗಳಲ್ಲಿ ಮನೆಯವರ ಕಣ್ಣು ನಿಮ್ಮ ನಿದ್ದೆಯ ಮೇಲಿರಬೇಕು. ನಿದ್ದೆ ಕೆಟ್ಟರೆ ಅದೇ ಮೊದಲ ಸೂಚನೆ.

ಔಷಧ ಬದಲಾಯಿಸುವಂತಿಲ್ಲದಿದ್ದರೆ ನಿಮಿರುವಿಕೆಗೆ ಸಿಲ್ಡೆನಾಫಿಲ್ ಇದೆ. ಮನೋರೋಗದ ಔಷಧದಿಂದಾದ ನಿಮಿರುವಿಕೆಯ ತೊಂದರೆಗೆ ಇದು ಕೆಲಸ ಮಾಡುತ್ತದೆಂದು 32 ಗಂಡಸರ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ ತೋರಿಸಿದವರು ನಮ್ಮ ನೆರೆಯ ವೆಲ್ಲೂರಿನ ವೈದ್ಯರು. ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆದರೆ ಅದು ಆಸೆಯನ್ನು ಹುಟ್ಟಿಸುವುದಿಲ್ಲ.

ತಾಯಿಯವರ ಎದುರು ಹೇಗೆ ಹೇಳುವುದೆಂಬ ನಿಮ್ಮ ಕೊನೆಯ ಪ್ರಶ್ನೆಯೇ ನನ್ನ ಮನಸ್ಸನ್ನು ಹೆಚ್ಚು ತಟ್ಟಿತು. ಇದರಲ್ಲಿ ನಮ್ಮ ತಪ್ಪೂ ಇದೆ. ರೋಗಿಗಳು ತಾವಾಗಿ ಹೇಳುವುದಕ್ಕೂ ವೈದ್ಯರು ಕೇಳಿದಾಗ ಹೇಳುವುದಕ್ಕೂ ಅಜಗಜಾಂತರವಿದೆ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ, ಮಾತ್ರೆ ಮಾತ್ರ ಗುಟ್ಟಾಗಿ ಕಸದ ಬುಟ್ಟಿಗೆ ಹೋಗುತ್ತದೆ. ನೀವು ಒಂದು ಚೀಟಿಯಲ್ಲಿ ನಾಲ್ಕೇ ಸಾಲು ಬರೆಯಿರಿ: ಆಸೆ ಹೇಗಿದೆ, ನಿಮಿರುವಿಕೆ ಹೇಗಿದೆ (ಬೆಳಗಿನ ಜಾವ ತಾನಾಗಿ ಆಗುತ್ತದೆಯೇ ಎಂಬುದನ್ನೂ ಸೇರಿಸಿ), ಸ್ಖಲನ ಆಗುತ್ತದೆಯೇ, ಯಾವಾಗಿನಿಂದ. ಅದನ್ನು ಮಡಿಸಿ ನಿಮ್ಮ ಫೈಲಿನೊಳಗೆ ಮೇಲೆಯೇ ಇಟ್ಟು ವೈದ್ಯರ ಕೈಗೆ ಕೊಡಿ. ಓದಿದ ವೈದ್ಯರು ತಾಯಿಯವರನ್ನು ಎರಡು ನಿಮಿಷ ಹೊರಗೆ ಕೂರಲು ಹೇಳುತ್ತಾರೆ. ಇದು ನೀವು ಬೇಡುವ ಉಪಕಾರವೇನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳನ್ನು ರೋಗಿಗೆ ತಿಳಿಸಬೇಕು. 23ನೇ ಸೆಕ್ಷನ್ ನಿಮ್ಮ ವಿಷಯದ ಗೋಪ್ಯತೆಯನ್ನು ಕಾಯುತ್ತದೆ.

ಉತ್ತರ 2
ಒಬ್ಬ ಅಧ್ಯಾಪಕಿ, ಧಾರವಾಡ

ವೈದ್ಯರು ಬರೆದದ್ದನ್ನು ಓದಿದ ಮೇಲೆ, ಹೆಂಗಸರ ಪಾಲಿಗೆ ಇದು ಹೇಗಿರುತ್ತದೆಂದು ಹೇಳಬೇಕೆನಿಸಿತು. ಗಂಡಸರು ಸಂಕೋಚದಿಂದಾದರೂ ‘ಆಗುತ್ತಿಲ್ಲ’ ಎನ್ನಬಲ್ಲರು. ನಮಗೆ ‘ಆಸೆಯಾಗುತ್ತಿಲ್ಲ’ ಎಂದು ದೂರು ಹೇಳುವ ಹಕ್ಕೇ ಇಲ್ಲವೆಂಬಂತೆ ಬೆಳೆಸಿರುತ್ತಾರೆ.

ನಾನು ಒಂದೂವರೆ ವರ್ಷ ಅಮಿಸಲ್‌ಪ್ರೈಡ್ ತೆಗೆದುಕೊಂಡೆ. ಮೂರನೆಯ ತಿಂಗಳಿಗೆ ಮುಟ್ಟು ನಿಂತಿತು. ಅತ್ತೆಯವರು ಸಂತೋಷಪಟ್ಟು ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿದರು. ಪರೀಕ್ಷೆಯಲ್ಲಿ ಬಸಿರಿಲ್ಲವೆಂದು ಗೊತ್ತಾಯಿತು. ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ರವಿಕೆ ಒದ್ದೆಯಾದದ್ದು ತಿಳಿದು, ಸೆರಗನ್ನು ಎಳೆದುಕೊಂಡು, ಉಳಿದ ಇಪ್ಪತ್ತು ನಿಮಿಷ ಮಕ್ಕಳ ಕಡೆ ತಿರುಗದೆ ಪಾಠ ಮುಗಿಸಿದೆ. ತೋರಿಸಲು ಹೋದ ಸ್ತ್ರೀರೋಗ ತಜ್ಞರು ನಾನು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರೊಲ್ಯಾಕ್ಟಿನ್ 142 ಇದೆಯೆಂದು ನೋಡಿ ಕ್ಯಾಬರ್ಗೋಲಿನ್ ಬರೆದುಕೊಟ್ಟರು. ಚೀಟಿಯನ್ನು ನೋಡಿದ ನನ್ನ ಮನೋವೈದ್ಯರು ಆ ಮಾತ್ರೆಯನ್ನು ತಕ್ಷಣ ನಿಲ್ಲಿಸಲು ಹೇಳಿದರು, ಏಕೆಂದರೆ ಅದು ಡೋಪಮೈನಿನ ಕೆಲಸವನ್ನು ಹೆಚ್ಚಿಸುವ ಔಷಧ. ಪ್ರೊಲ್ಯಾಕ್ಟಿನ್ ಇಳಿದರೂ ಅಡಗಿದ್ದ ಕಾಯಿಲೆ ಕೆರಳುವ ಸಾಧ್ಯತೆಯಿತ್ತು. ಎರಡೂ ಕಡೆಯ ವೈದ್ಯರಿಗೆ ಎರಡೂ ಕಡೆಯ ಚೀಟಿಗಳನ್ನು ತೋರಿಸಬೇಕೆಂಬುದನ್ನು ನಾನು ಹೀಗೆ ಕಲಿತೆ.

ಅಮಿಸಲ್‌ಪ್ರೈಡ್ ಜೊತೆಗೆ ಅರಿಪಿಪ್ರಜೋಲ್ ಸೇರಿಸಿದರೆ, ರಿಸ್ಪೆರಿಡೋನ್ ಜೊತೆ ಸೇರಿಸಿದಾಗ ಆಗುವಷ್ಟು ಪ್ರಯೋಜನ ಆಗುವುದಿಲ್ಲವೆಂದು ವೈದ್ಯರು ವಿವರಿಸಿದರು. ಆದ್ದರಿಂದ ಆರು ವಾರಗಳಲ್ಲಿ ಪೂರ್ತಿಯಾಗಿ ಅರಿಪಿಪ್ರಜೋಲ್‌ಗೆ ಬದಲಾಯಿಸಿದರು. ಆ ಆರು ವಾರ ಸುಲಭವಾಗಿರಲಿಲ್ಲ. ಕುಳಿತಲ್ಲಿ ಕೂರಲಾಗದ ಚಡಪಡಿಕೆ ಕಾಲುಗಳಲ್ಲಿ ಹೊಕ್ಕಿತು. ರಾತ್ರಿ ಎರಡು ಗಂಟೆಗೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದೆ. ಕಾಯಿಲೆ ಮರಳಿತೆಂದೇ ಮನೆಯವರು ಹೆದರಿದ್ದರು. ಇದು ಅರಿಪಿಪ್ರಜೋಲಿನ ಹೆಸರಾಂತ ಅಡ್ಡಪರಿಣಾಮವೆಂದು ವೈದ್ಯರು ಹೇಳಿ, ಪ್ರೊಪ್ರನೊಲಾಲ್ ಕೊಟ್ಟು ಡೋಸನ್ನು ನಿಧಾನಗೊಳಿಸಿದ ಮೇಲೆ ತಗ್ಗಿತು. ಮೂರನೆಯ ತಿಂಗಳಲ್ಲಿ ಮುಟ್ಟು ಬಂತು. ಆಸೆ ಅದಕ್ಕಿಂತ ನಿಧಾನವಾಗಿ, ಹೇಳದೆ ಕೇಳದೆ ಬಂತು.

ಹೆಣ್ಣುಮಕ್ಕಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪ್ರೊಲ್ಯಾಕ್ಟಿನ್ ಇಳಿದಾಗ ಅಂಡಾಣು ಬಿಡುಗಡೆ ಮತ್ತೆ ಶುರುವಾಗುತ್ತದೆ, ಅದೂ ಮೊದಲ ಮುಟ್ಟು ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ. ಮಗು ಸದ್ಯಕ್ಕೆ ಬೇಡವೆನ್ನುವವರು ಮಾತ್ರೆ ಬದಲಾದ ದಿನದಿಂದಲೇ ಎಚ್ಚರ ವಹಿಸಬೇಕು. ಬೇಕೆನ್ನುವವರು ಗರ್ಭಿಣಿಯಾಗುವ ಮೊದಲೇ ವೈದ್ಯರೊಡನೆ ಮಾತನಾಡಬೇಕು, ಬಸಿರೆಂದು ತಿಳಿದೊಡನೆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಉತ್ತರ 3
ಗೃಹಿಣಿ, ಹಾಸನ

ತಮ್ಮಾ, ನಿಮ್ಮ ಪ್ರಶ್ನೆಯ ಎರಡನೆಯ ಪ್ಯಾರಾ ಓದಿ ಕಣ್ಣು ತುಂಬಿತು. ನಾನು ನಿಮ್ಮ ಪತ್ನಿಯ ಜಾಗದಲ್ಲಿದ್ದವಳು. ನಮ್ಮ ಯಜಮಾನರು ಹನ್ನೊಂದು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಲ ಎರಡು ವರ್ಷ ನಾನೂ ಒಂದು ಮಾತನ್ನೂ ಆಡಲಿಲ್ಲ. ಆಡದೆ ಇದ್ದದ್ದು ತಾಳ್ಮೆಯಿಂದ ಎಂದು ಅವರು ತಿಳಿದಿದ್ದರು. ನಿಜವಾಗಿ ನಾನು, ನನ್ನ ರೂಪದಲ್ಲೋ ನಡತೆಯಲ್ಲೋ ಅವರಿಗೆ ಏನೋ ಹಿಡಿಸಿಲ್ಲವೆಂದು ಒಳಗೊಳಗೇ ಕೊರಗುತ್ತಿದ್ದೆ. ಇದು ಮಾತ್ರೆಯಿಂದ ಎಂದು ಯಾರೂ ನನಗೆ ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಆಸ್ಪತ್ರೆಯಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ನಾವಿಬ್ಬರೂ ಮದುವೆಯಾದ ಮೇಲೆ ಮೊದಲ ಸಲ ಈ ವಿಷಯ ಮಾತನಾಡಿದೆವು, ಅದೂ ಕಿಟಕಿಯ ಕಡೆ ನೋಡುತ್ತ. ಅವರ ಮಾತ್ರೆಯನ್ನು ಕ್ವೆಟಿಯಾಪಿನ್‌ಗೆ ಬದಲಾಯಿಸಿದರು. ಎಲ್ಲವೂ ಸರಿಹೋಯಿತೆಂದು ಸುಳ್ಳು ಹೇಳಲಾರೆ. ಮಾತ್ರೆ ನುಂಗಿದ ಒಂದು ಗಂಟೆಗೆ ಅವರಿಗೆ ಗಾಢ ನಿದ್ದೆ ಬರುತ್ತಿದ್ದುದರಿಂದ, ನಮ್ಮ ಸಮಯವನ್ನು ಮಾತ್ರೆಗೆ ಮುಂಚೆ ಇಟ್ಟುಕೊಳ್ಳಿ ಎಂದು ವೈದ್ಯರೇ ಹೇಳಿಕೊಟ್ಟರು. ಇಂತಹ ಸಣ್ಣ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ನಿಮ್ಮ ಪತ್ನಿಗೆ ಈ ಪುಟವನ್ನು ಓದಲು ಕೊಡಿ. ನಿಮ್ಮ ಬಾಯಿಂದ ಹೇಳಲಾಗದಿದ್ದರೂ ಅವರು ಓದಿ ತಿಳಿಯುತ್ತಾರೆ.

ಉತ್ತರ 4
ಫಾರ್ಮಸಿಸ್ಟ್, ತುಮಕೂರು

ನೀವು ಕುಡಿದ ಪುಡಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹೆಸರು, ಅಂಶ ಯಾವುದೂ ಬರೆಯದ ‘ಶಕ್ತಿವರ್ಧಕ’ ಪುಡಿ, ಗುಳಿಗೆಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ಔಷಧ ನಿಯಂತ್ರಕರ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಎಷ್ಟು ಪ್ರಮಾಣವೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂತಹ ಔಷಧಗಳು ತಾವೇ ರಕ್ತದೊತ್ತಡವನ್ನು ಸ್ವಲ್ಪ ಇಳಿಸುವುದರಿಂದ, ಇದೂ ಸೇರಿದರೆ ಎದ್ದು ನಿಂತಾಗ ತಲೆಸುತ್ತಿ ಬೀಳಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಪ್ರಾಣಕ್ಕೇ ಅಪಾಯ. ಸಿಲ್ಡೆನಾಫಿಲ್ ಅನ್ನು ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂಬ ನಿಯಮವಿರುವುದು ಇದಕ್ಕಾಗಿಯೇ. ಗಿರಾಕಿ ನಾಚಿಕೊಂಡು ದನಿ ತಗ್ಗಿಸಿ ಕೇಳಿದಾಗ, ಚೀಟಿ ತನ್ನಿ ಎನ್ನುವುದು ನಮಗೂ ಕಷ್ಟವೇ. ಆದರೂ ಹೇಳುತ್ತೇನೆ, ಮೂಲೆಗೆ ಕರೆದು ಕಾರಣವನ್ನೂ ಹೇಳುತ್ತೇನೆ.

ವೈದ್ಯರ ಬಳಿ ಹೋಗಲು ಇನ್ನೂ ಧೈರ್ಯ ಸಾಲದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ, ಎದುರಿಗೆ ಮುಖವೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು, ಎರಡೂವರೆ ತಿಂಗಳ ನಂತರ

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ನಡೆದದ್ದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆಂದು ಬರೆಯುತ್ತಿದ್ದೇನೆ.

ಹಾಸನದ ಅಕ್ಕನವರು ಹೇಳಿದಂತೆ ಈ ಪುಟವನ್ನು ಪತ್ನಿಗೆ ತೋರಿಸಿದೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಪೂರ್ತಿ ಓದಿದಳು. ಹಾಲು ಉಕ್ಕಿ ಒಲೆ ಆರಿತು, ಅವಳಿಗೆ ಗೊತ್ತೇ ಆಗಲಿಲ್ಲ. ಓದಿ ಮುಗಿಸಿ, ‘ಇಷ್ಟು ದಿನ ನಾನು ನಿಮಗೆ ಬೇಡವೇನೋ ಅಂದುಕೊಂಡಿದ್ದೆ’ ಎಂದಳು. ಮುಂದಿನ ತಪಾಸಣೆಗೆ ಅಮ್ಮನ ಬದಲು ತಾನೇ ಬರುತ್ತೇನೆಂದಳು. ಅಮ್ಮನಿಗೆ ಮಂಡಿನೋವಿನ ನೆಪವೂ ಸಿಕ್ಕಿತು.

ಆದರೂ ಬಾಯಿ ಬರಲಿಲ್ಲ; ಬರೆದುಕೊಂಡು ಹೋಗಿದ್ದ ಚೀಟಿಯನ್ನೇ ಕೊಟ್ಟೆ. ವೈದ್ಯರು ಎರಡು ಸಲ ಓದಿ, ‘ಇದನ್ನು ನಾನೇ ಕೇಳಬೇಕಿತ್ತು’ ಎಂದರು. ಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ 68 ಬಂತು. ಟೆಸ್ಟೋಸ್ಟೆರೋನ್ ಸಾಮಾನ್ಯ ಮಟ್ಟದ ಕೆಳ ಅಂಚಿನಲ್ಲಿತ್ತು. ಥೈರಾಯ್ಡ್, ಸಕ್ಕರೆ ಸರಿಯಾಗಿದ್ದವು. ಒಂದು ಸಲ ಮಾತ್ರೆ ಬಿಟ್ಟು ಕಾಯಿಲೆ ಮರಳಿದ್ದರಿಂದ ಪೂರ್ತಿ ಬದಲಾಯಿಸಲು ಅವರು ಒಪ್ಪಲಿಲ್ಲ. ರಿಸ್ಪೆರಿಡೋನ್ ಅನ್ನು ಮೊದಲು 5ಕ್ಕೆ, ಎರಡು ವಾರದ ನಂತರ 4 ಮಿ.ಗ್ರಾಂ.ಗೆ ಇಳಿಸಿ, ಬೆಳಿಗ್ಗೆ ತಿಂಡಿಯಾದ ಮೇಲೆ 5 ಮಿ.ಗ್ರಾಂ. ಅರಿಪಿಪ್ರಜೋಲ್ ಸೇರಿಸಿದರು. ಮೊದಲ ವಾರ ನಿದ್ದೆ ಕಡಿಮೆಯಾಯಿತು. ಆ ವಾರ ಪತ್ನಿ ದಿನವೂ ಬೆಳಿಗ್ಗೆ ‘ಎಷ್ಟು ಗಂಟೆಗೆ ಎಚ್ಚರವಾಯಿತು’ ಎಂದು ಕೇಳಿ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಳು. ಎರಡನೆಯ ವಾರಕ್ಕೆ ನಿದ್ದೆ ಸರಿಹೋಯಿತು. ಕೈನಡುಕ ಕಾಣದಿದ್ದರಿಂದ ನಡುಕದ ಮಾತ್ರೆಯನ್ನು ಅರ್ಧ ಮಾಡಿ, ಆಮೇಲೆ ನಿಲ್ಲಿಸಿದ್ದಾರೆ. ಬಾಯಿ ಒಣಗುವುದು ನಿಂತಿತು.

ಮೊನ್ನೆಯ ಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ 19ಕ್ಕೆ ಇಳಿದಿದೆ. ಆಸೆ ಮರಳಿದೆ, ಬೆಳಗಿನ ಜಾವದ ನಿಮಿರುವಿಕೆಯೂ ಮರಳಿದೆ. ಸ್ಖಲನ ಮಾತ್ರ ಕೆಲವೊಮ್ಮೆ ತಪ್ಪುತ್ತದೆ. ಅದು ರಿಸ್ಪೆರಿಡೋನಿನ ಬೇರೆ ಗುಣದಿಂದ ಇರಬಹುದೆಂದು ವೈದ್ಯರು ಹೇಳಿದ್ದಾರೆ. ಗೋಡೆಯಾಚೆ ಈಗ ಕೇಳಿಸುವುದು ಪಕ್ಕದ ಮನೆಯ ಟಿ.ವಿ. ಧಾರಾವಾಹಿಯ ಸದ್ದು, ಅದು ನಿಜವಾದದ್ದೇ ಎಂದು ಪತ್ನಿಯೂ ದೃಢಪಡಿಸಿದ್ದಾಳೆ.

ಮನೋವೈದ್ಯರಲ್ಲಿ ಒಂದು ಪ್ರಶ್ನೆ ಉಳಿದಿದೆ: ಈ ಎರಡು ಮಾತ್ರೆಗಳನ್ನೂ ಹೀಗೇ ಎಷ್ಟು ಕಾಲ ಒಟ್ಟಿಗೆ ತೆಗೆದುಕೊಳ್ಳಬೇಕಾಗುತ್ತದೆ?

ಉತ್ತರ 1ರ ಮನೋವೈದ್ಯರು

ಸಂತೋಷವಾಯಿತು. ಡೈರಿಯನ್ನು ನಿಲ್ಲಿಸಬೇಡಿ, ಪ್ರತಿ ತಪಾಸಣೆಗೂ ತೆಗೆದುಕೊಂಡು ಹೋಗಿ. ಎರಡು ಮಾತ್ರೆಗಳು ಎಷ್ಟು ಕಾಲ ಎಂಬುದಕ್ಕೆ ಎಲ್ಲರಿಗೂ ಹೊಂದುವ ಅವಧಿಯಿಲ್ಲ. ಕೆಲವು ತಿಂಗಳು ಕಾಯಿಲೆ ಸ್ಥಿರವಾಗಿದ್ದರೆ ರಿಸ್ಪೆರಿಡೋನ್ ಅನ್ನು ಇನ್ನೂ ಸ್ವಲ್ಪ ಇಳಿಸಿ ನೋಡುವವರಿದ್ದಾರೆ. ಹಾಗೆ ಇಳಿದಾಗ ಸ್ಖಲನದ ತೊಂದರೆಯೂ ಕಡಿಮೆಯಾಗುವ ಸಾಧ್ಯತೆಯಿದೆ. ಅರಿಪಿಪ್ರಜೋಲ್ ಅನ್ನು ಮಾತ್ರ ಮಧ್ಯದಲ್ಲಿ ಬಿಡಬೇಡಿ, ಬಿಟ್ಟರೆ ಪ್ರೊಲ್ಯಾಕ್ಟಿನ್ ಮತ್ತೆ ಏರುತ್ತದೆ. ಅದು ದೇಹದಲ್ಲಿ ಬಹಳ ದಿನ ಉಳಿಯುವ ಔಷಧವಾದ್ದರಿಂದ ಬಿಟ್ಟ ಪರಿಣಾಮ ಮೊದಲ ವಾರ ಗೊತ್ತೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ತಿಳಿಯಿತು ಡಾಕ್ಟರೇ. ಮುಂದಿನ ತಿಂಗಳ ಭೇಟಿಯಲ್ಲಿ 4ರಿಂದ 3ಕ್ಕೆ ಇಳಿಸುವ ವಿಷಯ ಮಾತನಾಡೋಣವೆಂದು ನಮ್ಮ ವೈದ್ಯರೂ ಹೇಳಿದ್ದಾರೆ. ಸದ್ಯಕ್ಕೆ ನನಗಾಗಲಿ ನನ್ನ ಪತ್ನಿಗಾಗಲಿ ಅವಸರವಿಲ್ಲ.